ಮೊದಲ ಕ್ಷೌರದ ಕತ್ತಿ: ಹೊಳಪು ನೋಡಬೇಡಿ, ಬಾಯಿ ನೋಡಿ

ಮಡಚುವ ಕತ್ತಿಯಿಂದ ಮನೆಯಲ್ಲೇ ಶೇವ್ ಮಾಡಿಕೊಳ್ಳಬೇಕು, ಮೊದಲು ಯಾವುದನ್ನು ಕೊಳ್ಳಲಿ ಎಂದು ಕೇಳಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಉತ್ತರಗಳಲ್ಲಿ ‘ಬೆನ್ನು’ ಎಂದರೆ ಅಲಗಿನ ದಪ್ಪನೆಯ ಮೇಲ್ಭಾಗ, ‘ಬಾಯಿ’ ಎಂದರೆ ಕೂದಲು ಕತ್ತರಿಸುವ ಅಂಚು, ‘ಹಿಡಿ’ ಎಂದರೆ ಅಲಗು ಮಡಚಿ ಕೂರುವ ಎರಡು ಪಟ್ಟಿಗಳು.

ಸಲೂನ್‌ನಲ್ಲಿ ಬಳಸುವ, ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ಇನ್ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಕಲಿತು ಆಮೇಲೆ ನಿಜವಾದ ಕತ್ತಿಗೆ ಹೋಗುವುದು ಸರಿಯಲ್ಲವೇ? — ಶಿವಮೊಗ್ಗ

ಹೆಚ್ಚಿನವರು ಹೀಗೇ ಯೋಚಿಸುತ್ತಾರೆ, ಆದರೆ ಇವೆರಡೂ ಕೈಯಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಅರ್ಧ ಬ್ಲೇಡ್ ಸುಮಾರು 43 ಮಿ.ಮೀ. ಉದ್ದ, ಎರಡೂ ಮೂಲೆಗಳು ಚೂಪು, ಹಿಡಿ ತೀರಾ ಹಗುರ. ಭಾರವೇ ಇಲ್ಲದ ಕಾರಣ ಹೊಸಬರ ಕೈ ತಾನಾಗಿ ಒತ್ತುತ್ತದೆ. ಒತ್ತಿದ ಕೂಡಲೇ ಆ ಮೂಲೆ ಚರ್ಮಕ್ಕೆ ನಾಟುತ್ತದೆ. ನಿಜವಾದ ಕತ್ತಿಯ ಅಲಗು ಸುಮಾರು 75 ಮಿ.ಮೀ. ಉದ್ದ. ಅದರ ತೂಕವೇ ಕೆಲಸ ಮಾಡುವುದರಿಂದ ಒತ್ತಡ ಬೇಕಿಲ್ಲ. ಸರಿಯಾಗಿ ಮಸೆದ ಬಾಯಿ ಹೊಸ ಬ್ಲೇಡಿಗಿಂತ ಮೃದುವಾಗಿ ಹಾಯುತ್ತದೆ, ಸಣ್ಣ ತಪ್ಪುಗಳನ್ನು ಒಂದಿಷ್ಟು ಕ್ಷಮಿಸುತ್ತದೆ.

ಸಲೂನ್‌ಗಳು ಬ್ಲೇಡ್ ಕತ್ತಿಗೆ ಬದಲಾದದ್ದು ಅದು ಒಳ್ಳೆಯ ಶೇವ್ ಕೊಡುತ್ತದೆಂದಲ್ಲ. ಒಬ್ಬರ ರಕ್ತ ಇನ್ನೊಬ್ಬರಿಗೆ ತಗುಲಿ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಾರದು, ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಇರಬೇಕು ಎಂಬ ಕಾರಣಕ್ಕೆ. ವೃತ್ತಿಯಲ್ಲಿ ಅದು ಕಡ್ಡಾಯವಾಗಿ ಇರಬೇಕಾದ ಎಚ್ಚರಿಕೆ. ಒಬ್ಬರೇ ಬಳಸುವ ಮನೆಯ ಕತ್ತಿಗೆ ಆ ನಿರ್ಬಂಧವಿಲ್ಲ. (ಹಾಗೆಂದು ಅಣ್ಣ-ತಮ್ಮಂದಿರು ಒಂದೇ ಕತ್ತಿ ಹಂಚಿಕೊಳ್ಳಬಾರದು.)

ಕಲ್ಲಿನ ಮೇಲೆ ಮಸೆಯುವ, ಚರ್ಮದ ಪಟ್ಟಿಯ ಮೇಲೆ ಎಳೆದು ಬಾಯಿ ನೇರ ಮಾಡುವ ಕೆಲಸಕ್ಕೆ ಪುರುಸೊತ್ತೇ ಇಲ್ಲವೆಂದಾದರೆ ಬ್ಲೇಡ್ ಕತ್ತಿಯೇ ಇರಲಿ. ಆದರೆ ಇನ್ನೂರರದ್ದು ಬೇಡ. ಜಪಾನಿನ ಫೆದರ್ ಕಂಪನಿಯ ಆರ್ಟಿಸ್ಟ್ ಕ್ಲಬ್‌ನಂಥ, ದಪ್ಪನೆಯ ಒಂದೇ ಬಾಯಿಯ ಬ್ಲೇಡ್ ಕೂರಿಸುವ, ಕೈಗೆ ತೂಕ ಸಿಗುವ ಕತ್ತಿ ನೋಡಿ. ಅರ್ಧ ಬ್ಲೇಡಿನದಕ್ಕಿಂತ ಅದು ನಿಜವಾದ ಕತ್ತಿಗೆ ಎಷ್ಟೋ ಹತ್ತಿರ.

4/8, 5/8, 6/8, ಫುಲ್ ಹಾಲೋ, ಹಾಫ್ ಹಾಲೋ, ದುಂಡು ಮೊನೆ, ಚೌಕ ಮೊನೆ… ಜಾಹೀರಾತು ಓದಿದಷ್ಟೂ ತಲೆ ಕೆಡುತ್ತಿದೆ. ಒಂದೇ ಮಾತಿನಲ್ಲಿ ಹೇಳಿ, ಯಾವುದು ಕೊಳ್ಳಲಿ? — ಬೆಂಗಳೂರು

5/8 ಅಥವಾ 6/8 ಇಂಚಿನ, ದುಂಡು ಮೊನೆಯ, ಹಾಫ್ ಹಾಲೋದಿಂದ ಫುಲ್ ಹಾಲೋವರೆಗಿನ, ಕಾರ್ಬನ್ ಉಕ್ಕಿನ ಕತ್ತಿ. ಮಾರುವವರೇ ಕೈಯಲ್ಲಿ ಮಸೆದು, ಶೇವ್‌ಗೆ ಸಿದ್ಧ ಮಾಡಿ ಕಳಿಸಿದ್ದಾಗಿರಬೇಕು. ಕೊನೆಯ ಷರತ್ತು ಮಿಕ್ಕೆಲ್ಲಕ್ಕಿಂತ ಮುಖ್ಯ. ಈಗ ಕಾರಣಗಳು.

ಆ ಭಿನ್ನರಾಶಿ ಅಲಗಿನ ಅಗಲ, ಅಂದರೆ ಬೆನ್ನಿನಿಂದ ಬಾಯಿಯವರೆಗಿನ ಅಳತೆ. 4/8 ಎಂದರೆ 12.7 ಮಿ.ಮೀ.: ಮೂಗಿನ ಕೆಳಗೆ ಚುರುಕು, ಆದರೆ ನೊರೆ ಬೇಗ ತುಂಬಿಕೊಳ್ಳುತ್ತದೆ, ಕೆನ್ನೆಯ ಮೇಲೆ ಕೋನ ಹಿಡಿದಿಡುವುದು ಕಷ್ಟ. 7/8, ಅಂದರೆ 22 ಮಿ.ಮೀ.ನದು ಭಾರ, ತುಟಿಯ ಮೇಲೆ ಏನು ನಡೆಯುತ್ತಿದೆಯೆಂದು ಕಾಣುವುದೇ ಇಲ್ಲ. 5/8 (ಸುಮಾರು 16 ಮಿ.ಮೀ.), 6/8 (ಸುಮಾರು 19 ಮಿ.ಮೀ.) ನಡುವಿನವು. ಗಡ್ಡ ಒರಟು, ದಟ್ಟ ಇದ್ದರೆ 6/8 ತೆಗೆದುಕೊಳ್ಳಿ.

ಹಾಲೋ ಎಂದರೆ ಅಲಗಿನ ಎರಡೂ ಬದಿಯನ್ನು ಒಳಕ್ಕೆ ಬಾಗುವಂತೆ ಎಷ್ಟು ತೆಳ್ಳಗೆ ಅರೆದಿದ್ದಾರೆ ಎಂಬುದು. ಒಳಬಾಗು ಇಲ್ಲದ, ಬೆಣೆಯಾಕಾರದ ಅಲಗಿಗೆ ವೆಜ್ ಎನ್ನುತ್ತಾರೆ. ವೆಜ್ ಒರಟು ಗಡ್ಡದಲ್ಲಿ ಸಲೀಸಾಗಿ ನುಗ್ಗುತ್ತದೆ, ಆದರೆ ಮಸೆಯುವಾಗ ಕಲ್ಲಿಗೆ ತಾಗುವ ಉಕ್ಕು ಹೆಚ್ಚು, ಶ್ರಮವೂ ಹೆಚ್ಚು. ಫುಲ್ ಹಾಲೋ ಕಾಗದದಷ್ಟು ತೆಳು. ಕೂದಲು ಕತ್ತರಿಸುವಾಗ ಸಣ್ಣಗೆ ಸದ್ದು ಕೇಳುತ್ತದೆ, ಆ ಸದ್ದೇ ಕೋನ ಸರಿಯಿದೆಯೋ ಇಲ್ಲವೋ ಹೇಳುತ್ತದೆ. ಮಸೆಯಲು ಸುಲಭ. ಅದರ ದೋಷವೆಂದರೆ ಚರ್ಮದ ಪಟ್ಟಿಯ ಮೇಲೆ ಒರಟಾಗಿ ಎಳೆದರೆ ಬಾಯಿ ಬೇಗ ಹೋಗುತ್ತದೆ. ಕೈ ಭಾರ ಎಂದು ನಿಮಗೇ ಗೊತ್ತಿದ್ದರೆ ಹಾಫ್ ಹಾಲೋ ವಾಸಿ.

ಮೊನೆಯ ವಿಷಯದಲ್ಲಿ ಚರ್ಚೆ ಬೇಡ, ದುಂಡು ಮೊನೆಯೇ. ಚೌಕ ಮೊನೆ ಮೀಸೆಯ ಅಂಚು ತೀಡಲು ಚೆನ್ನ, ಆದರೆ ಕಿವಿಯ ಪಕ್ಕದಲ್ಲಿ ಕೈ ಸ್ವಲ್ಪ ತಿರುಗಿದರೂ ಗೀರುತ್ತದೆ.

ಇನ್ನು ಹಣ. ಜರ್ಮನಿಯ ಸೋಲಿಂಗೆನ್ ಪಟ್ಟಣದ ಹೊಸ ಕತ್ತಿಗೆ ಸಾಗಣೆ, ಸುಂಕ ಸೇರಿ ಹತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಡೋವೋ, ಬೋಕರ್, ರಾಲ್ಫ್ ಔಸ್ಟ್ ಅಲ್ಲಿನ ಕಂಪನಿಗಳು. ಫ್ರಾನ್ಸಿನ ತಿಯೇರ್ ಪಟ್ಟಣದ ತಿಯೇರ್-ಇಸ್ಸಾರ್ ಕೂಡ ನಂಬಿಕಸ್ಥ ಹೆಸರು. ‘ಸೋಲಿಂಗೆನ್’ ಎಂಬ ಮುದ್ರೆಗೆ ಜರ್ಮನಿಯಲ್ಲಿ 1938ರಿಂದ ಕಾನೂನಿನ ರಕ್ಷಣೆಯಿದೆ, 1994ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು: ತಯಾರಿಕೆಯ ಮುಖ್ಯ ಹಂತಗಳು ಅಲ್ಲೇ ನಡೆದಿದ್ದರೆ ಮಾತ್ರ ಆ ಹೆಸರು ಹಾಕಬಹುದು. ಒಂದೇ ಕಂಪನಿಯ ಅಗ್ಗದ ಮಾದರಿಗೂ ದುಬಾರಿ ಮಾದರಿಗೂ ಇರುವ ಅಂತರ ಬಹುಪಾಲು ಹಿಡಿಯಲ್ಲಿ, ಬೆನ್ನಿನ ಕುಸುರಿಯಲ್ಲಿ, ಚಿನ್ನದ ಬಣ್ಣದ ಬರಹದಲ್ಲಿ. ಸಾದಾ ಪ್ಲಾಸ್ಟಿಕ್ ಹಿಡಿಯದನ್ನು ಕೊಂಡು, ಉಳಿದ ಹಣವನ್ನು ಒಳ್ಳೆಯ ಮಸೆಗೂ ಚರ್ಮದ ಪಟ್ಟಿಗೂ ಹಾಕಿ. ಕಾರ್ಖಾನೆಯಿಂದ ಬಂದ ಬಾಯಿ ನೋಡಲು ಹರಿತವಾಗಿದ್ದರೂ ಗಡ್ಡಕ್ಕೆ ಸಾಲದೆ ಹೋಗುವುದುಂಟು. ಅದಕ್ಕೇ ಮೊದಲೇ ಹೇಳಿದ ಷರತ್ತು: ಯಾರು ಮಸೆದರು, ಯಾವ ಕಲ್ಲಿನಲ್ಲಿ ಮುಗಿಸಿದರು ಎಂದು ಮಾರುವವರನ್ನು ಕೇಳಿ. ಉತ್ತರ ಬರದಿದ್ದರೆ ಬೇರೆ ಅಂಗಡಿ ನೋಡಿ.

ಆನ್‌ಲೈನ್‌ನಲ್ಲಿ ಅಲೆಅಲೆ ವಿನ್ಯಾಸದ ‘ಡಮಾಸ್ಕಸ್’ ಕತ್ತಿ 900 ರೂಪಾಯಿಗೆ ಇದೆ. ಕೊಳ್ಳಬಹುದೇ? — ದಾವಣಗೆರೆ

ಬೇಡ. ಆ ಬೆಲೆಗೆ ಸಿಗುವವು ಕತ್ತಿಯ ಆಕಾರದ ಲೋಹ, ಅಷ್ಟೆ. ಉಕ್ಕಿಗೆ ಸರಿಯಾದ ಹದ ಕೊಟ್ಟಿರುವುದಿಲ್ಲ, ಹಾಗಾಗಿ ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ. ಜೊತೆಗೆ ಬೆನ್ನು-ಬಾಯಿಗಳ ಅಳತೆಯೂ ತಾಳೆಯಾಗುವುದಿಲ್ಲ. ತಾಳೆ ಎಂದರೇನು ಎಂಬುದು ಮುಂದಿನ ಉತ್ತರದಲ್ಲಿದೆ.

ಮನೆಯ ಅಟ್ಟದಲ್ಲಿ ತಾತನ ಕಾಲದ ಕತ್ತಿ ಸಿಕ್ಕಿದೆ, ತುಕ್ಕು ಹಿಡಿದಿದೆ. ಬಳಸಬಹುದೇ? ಹಳೆಯದನ್ನು ಕೊಳ್ಳುವವರು ಏನೇನು ನೋಡಬೇಕು? — ಧಾರವಾಡ, ಹಾಸನ

ಹಳೆಯ ಸೋಲಿಂಗೆನ್ ಕತ್ತಿಗಳ, ಇಂಗ್ಲೆಂಡಿನ ಶೆಫೀಲ್ಡ್ ಕತ್ತಿಗಳ ಉಕ್ಕು ಬಹಳ ಚೆನ್ನಾಗಿರುತ್ತದೆ. ಸರಿಯಾದದ್ದು ಸಿಕ್ಕರೆ ಹೊಸದರ ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ಜೀವಮಾನಕ್ಕಾಗುವ ಕತ್ತಿ. ಆದರೆ ತುಕ್ಕು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎಂಬುದನ್ನು ನೋಡಬೇಕು. ಬೆನ್ನಿನ ಮೇಲಿನ, ಬಾಲದ (ಅಲಗಿನಿಂದ ಹಿಡಿಯ ತಿರುಗುಮೊಳೆಯ ಕಡೆಗಿರುವ, ಬಾಯಿಯಿಲ್ಲದ ಭಾಗ) ಕಡೆಯ ತುಕ್ಕು ಬರೀ ನೋಟದ ದೋಷ. ಬಾಯಿಯಿಂದ 2-3 ಮಿ.ಮೀ. ಒಳಗೆ ಕಪ್ಪು ಚುಕ್ಕೆಯಂಥ ಗುಳಿಗಳಿದ್ದರೆ, ಮಸೆಯುತ್ತಾ ಹೋದಂತೆ ಪ್ರತಿ ಗುಳಿಯ ಬಳಿಯೂ ಬಾಯಿ ಉದುರುತ್ತದೆ. ಅದನ್ನು ನೆನಪಿಗೆ ಇಟ್ಟುಕೊಳ್ಳಿ, ಗಡ್ಡಕ್ಕೆ ಬೇಡ.

ಎರಡನೆಯದು ಬಿರುಕು. ಭೂತಗನ್ನಡಿ ಹಿಡಿದು ಬಾಯಿಯುದ್ದಕ್ಕೂ, ಅಲಗು ಬಾಲಕ್ಕೆ ಸೇರುವ ಹೆಗಲಿನಲ್ಲೂ ನೋಡಿ. ಕೂದಲಿನಷ್ಟು ಸಣ್ಣ ಬಿರುಕಿದ್ದರೂ ಆ ಕತ್ತಿ ಮುಗಿಯಿತು, ರಿಪೇರಿಯಿಲ್ಲ.

ಮೂರನೆಯದು ಸವೆತ. ಕತ್ತಿ ಮಸೆಯುವಾಗ ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಿರುತ್ತವೆ. ಬಾಯಿಯ ಕೋನವನ್ನು ನಿರ್ಧರಿಸುವುದು ಬೆನ್ನಿನ ದಪ್ಪ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಬೆನ್ನಿನ ದಪ್ಪ (ಕಲ್ಲಿಗೆ ತಾಗಿ ಸವೆದು ಚಪ್ಪಟೆಯಾದ ಜಾಗದಲ್ಲಿ), ಅಲಗಿನ ಅಗಲ ಎರಡನ್ನೂ ಅಳೆದು, ದಪ್ಪವನ್ನು ಅಗಲದಿಂದ ಭಾಗಿಸಿ. 0.26ರಿಂದ 0.32ರ ಒಳಗೆ ಬಂದರೆ ಕೋನ 15ರಿಂದ 18 ಡಿಗ್ರಿ, ಅದು ಒಳ್ಳೆಯದು. ಬೆನ್ನು-ಬಾಯಿಗಳ ಅಳತೆ ತಾಳೆಯಾಗುವುದೆಂದರೆ ಇದೇ. ಉದಾಹರಣೆಗೆ ಅಗಲ 16, ದಪ್ಪ 4.5 ಇದ್ದರೆ ಕೋನ ಸುಮಾರು 16 ಡಿಗ್ರಿ. ಅದೇ ಬೆನ್ನು ಸವೆದು 3.2ಕ್ಕೆ ಇಳಿದಿದ್ದರೆ ಕೋನ 11.5 ಡಿಗ್ರಿ: ಬಾಯಿ ವಿಪರೀತ ತೆಳ್ಳಗಾಗಿ ಎರಡು ಶೇವ್‌ಗೇ ಮುಕ್ಕಾಗುತ್ತದೆ. ಅಳತೆಯನ್ನು ಹಿಮ್ಮಡಿ (ಅಲಗಿನ ಬಾಲದ ಕಡೆಯ ತುದಿ), ನಡು, ಮೊನೆ ಮೂರೂ ಕಡೆ ತೆಗೆಯಿರಿ. ಒಂದು ತುದಿಯಲ್ಲಿ ಬೆನ್ನು ಹೆಚ್ಚು ಸವೆದಿದ್ದರೆ ಹಿಂದಿನವರು ಓರೆಯಾಗಿ ಮಸೆದಿದ್ದಾರೆ ಎಂದರ್ಥ. ಹೊಸಬರು ಅದನ್ನು ಸರಿಮಾಡಲಾರರು.

ಆಮೇಲೆ ಕತ್ತಿಯನ್ನು ಗಾಜಿನ ಮೇಲೆ ಮಲಗಿಸಿ. ಬಾಯಿ ನೇರವಾಗಿರಬಹುದು, ನಡುವೆ ತುಸು ಉಬ್ಬಿರಲೂಬಹುದು. ನಡುವೆ ಒಳಕ್ಕೆ ತಗ್ಗಿದ್ದರೆ ಬೇಡ, ಆ ಜಾಗ ಕಲ್ಲಿಗೂ ಪಟ್ಟಿಗೂ ತಾಗುವುದಿಲ್ಲ. ಅಲಗನ್ನು ಮಡಚಿ ನೋಡಿ: ಹಿಡಿಯ ಎರಡು ಪಟ್ಟಿಗಳ ನಡುವೆ ಸರಿಯಾಗಿ ಕೂರಬೇಕು. ಒಂದು ಬದಿಗೆ ತಾಗಿದರೆ ಮುಚ್ಚಿದಾಗಲೆಲ್ಲ ಬಾಯಿ ಉಜ್ಜುತ್ತದೆ.

ಹಿಡಿಯ ಬಗ್ಗೆ ಎರಡು ಎಚ್ಚರಿಕೆ. ಹಳೆಯ ಪಾರದರ್ಶಕ ಅಥವಾ ಆಮೆಚಿಪ್ಪಿನ ಬಣ್ಣದ ಹಿಡಿ ಸೆಲ್ಯುಲಾಯ್ಡ್‌ನದಾಗಿರಬಹುದು. ಅದು ಹಳತಾಗಿ ಕೊಳೆಯತೊಡಗಿದರೆ ಆಮ್ಲದ ಆವಿ ಬಿಟ್ಟು, ಹಿಡಿಯೊಳಗೆ ಕೂತ ಅಲಗನ್ನೇ ತಿನ್ನುತ್ತದೆ. ಎಷ್ಟು ಉಜ್ಜಿದರೂ ತುಕ್ಕು ಮರಳಿ ಬರುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ, ಹಿಡಿ ಬದಲಿಸಬೇಕು. ಇನ್ನೊಂದು, ದಂತದ ಹಿಡಿ. ಹತ್ತೊಂಬತ್ತನೆಯ ಶತಮಾನದ ಶೆಫೀಲ್ಡ್ ಕತ್ತಿಗಳಲ್ಲಿ ಅದು ಅಪರೂಪವಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ. ವಿದೇಶದಿಂದ ಅಂಥದನ್ನು ತರಿಸಲೇಬೇಡಿ.

ಕಾಲ ತಿಳಿಯಲು ಬಾಲದ ಮೇಲಿನ ಮುದ್ರೆ ಸ್ವಲ್ಪ ನೆರವಾಗುತ್ತದೆ. ಅಮೆರಿಕವು 1890ರ ಸುಂಕದ ಕಾಯ್ದೆಯಲ್ಲಿ ಆಮದು ಸರಕಿನ ಮೇಲೆ ದೇಶದ ಹೆಸರು ಕಡ್ಡಾಯ ಮಾಡಿತು. ಹಾಗಾಗಿ ಪಟ್ಟಣದ ಹೆಸರಿನ ಜೊತೆ ‘ಇಂಗ್ಲೆಂಡ್’, ‘ಜರ್ಮನಿ’ ಎಂದೂ ಇದ್ದರೆ ಅದು ಸಾಮಾನ್ಯವಾಗಿ 1891ರ ಈಚಿನದು.

ಮೊದಲ ಬಳಕೆಗೆ ಮುಂಚೆ ಸೋಪಿನಲ್ಲಿ ತೊಳೆದು, ಒರೆಸಿ, ಶೇಕಡ 70ರ ಸ್ಪಿರಿಟ್‌ನಿಂದ ಅಲಗನ್ನೂ ಹಿಡಿಯ ಒಳಭಾಗವನ್ನೂ ಒರೆಸಿ. ಬ್ಲೀಚಿಂಗ್ ದ್ರಾವಣ ಬೇಡ, ಉಕ್ಕನ್ನು ತಿನ್ನುತ್ತದೆ. ಕುದಿಸುವುದೂ ಬೇಡ, ಹಿಡಿ ಸೊಟ್ಟಗಾಗುತ್ತದೆ.

ಕರಾವಳಿಯ ಮಳೆಗಾಲದಲ್ಲಿ ಕಬ್ಬಿಣದ್ದೆಲ್ಲ ತುಕ್ಕು. ಸ್ಟೇನ್‌ಲೆಸ್ ಕತ್ತಿಯೇ ಒಳ್ಳೆಯದಲ್ಲವೇ? — ಮಂಗಳೂರು

ಸ್ಟೇನ್‌ಲೆಸ್ ತುಕ್ಕು ಹಿಡಿಯುವುದು ನಿಧಾನ, ಹಿಡಿಯುವುದೇ ಇಲ್ಲ ಎಂದಲ್ಲ. ಕಲ್ಲಿನ ಮೇಲೆ ಕಾರ್ಬನ್ ಉಕ್ಕಿಗಿಂತ ಹೆಚ್ಚು ಹೊತ್ತು ಬೇಡುತ್ತದೆ. ಜೆ. ಎ. ಹೆಂಕೆಲ್ಸ್ ಕಂಪನಿಯ ಹಳೆಯ ‘ಫ್ರಿಯೋಡುರ್’ ಕತ್ತಿಗಳು ಸ್ಟೇನ್‌ಲೆಸ್‌ನಲ್ಲೇ ಅತ್ಯುತ್ತಮ. ಸಿಕ್ಕರೆ ಕರಾವಳಿಯವರು ಕಣ್ಣುಮುಚ್ಚಿ ಕೊಳ್ಳಬಹುದು.

ಕಾರ್ಬನ್ ಉಕ್ಕಾದರೂ ನಡೆಯುತ್ತದೆ, ದಿನಾ ಎರಡು ನಿಮಿಷ ಕೊಟ್ಟರೆ. ಶೇವ್ ಮುಗಿದ ಮೇಲೆ ಅಲಗನ್ನು ಮಾತ್ರ ತೊಳೆಯಿರಿ, ಹಿಡಿಯೊಳಗೆ ನೀರು ಹೋಗಬಾರದು. ಟಿಶ್ಯೂ ಹಿಡಿದು ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ತಿರುಗುಮೊಳೆಯ ಸಂದಿನಲ್ಲೂ ಒಣಬಟ್ಟೆ ಆಡಿಸಿ. ಒಂದು ಗಂಟೆ ಬಿಚ್ಚಿಟ್ಟು ಆಮೇಲೆ ಮಡಚಿ. ಮಳೆಗಾಲದಲ್ಲಿ ಒಂದು ತೊಟ್ಟು ಹೊಲಿಗೆ ಮಷಿನ್ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಕೈಗೆ ಸಿಕ್ಕೀತು, ಆದರೆ ವಾರಗಟ್ಟಲೆ ಇಟ್ಟರೆ ಕಮಟಿ ಜಿಡ್ಡುಗಟ್ಟುತ್ತದೆ. ಬಚ್ಚಲುಮನೆಯಲ್ಲಿ ಇಡಬೇಡಿ, ಚರ್ಮದ ಚೀಲದಲ್ಲೂ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಆಷಾಢವೂ ದಾಟುತ್ತದೆ.

ಮಸೆದು ಕಳಿಸಿದ ಕತ್ತಿಯನ್ನೇ ಕೊಂಡೆ. ಮೊದಲ ಶೇವ್ ಬೆಣ್ಣೆಯಂತಿತ್ತು. ನಾಲ್ಕನೆಯ ಸಲಕ್ಕೆ ಕೂದಲು ಜಗ್ಗತೊಡಗಿತು. ಮೋಸ ಹೋದೆನೇ? — ಪುಣೆಯ ಕನ್ನಡಿಗರು

ಮೋಸವಲ್ಲ, ಪಟ್ಟಿ. ಹೊಸಬರ ಕತ್ತಿ ಹಾಳಾಗುವುದು ಗಡ್ಡದಿಂದಲ್ಲ, ಚರ್ಮದ ಪಟ್ಟಿಯ ಮೇಲೆ. ಪ್ರತಿ ಶೇವ್‌ನಲ್ಲೂ ಬಾಯಿಯ ಅತಿ ತೆಳು ಅಂಚು ಅಲ್ಲಲ್ಲಿ ಬಾಗುತ್ತದೆ. ಪಟ್ಟಿ ಅದನ್ನು ನೇರ ಮಾಡುತ್ತದೆ. ತಪ್ಪಾಗಿ ಎಳೆದರೆ ಅದೇ ಅಂಚು ದುಂಡಗಾಗುತ್ತದೆ.

ಪಟ್ಟಿ 3 ಇಂಚು ಅಗಲ, ಸುಮಾರು 45 ಸೆಂ.ಮೀ. ಉದ್ದದ್ದಾಗಿರಲಿ. ಅಲಗಿನಷ್ಟೇ ಅಗಲವಿದ್ದರೆ ನೇರ ಎಳೆದರೆ ಸಾಕು. ಅದಕ್ಕಿಂತ ಕಿರಿದಾದರೆ ಹಿಮ್ಮಡಿಯಿಂದ ಮೊನೆಯವರೆಗೂ ತಾಗುವಂತೆ ಓರೆಯಾಗಿ ಎಳೆಯಬೇಕಾಗುತ್ತದೆ, ಕಲಿಯುವವರಿಗೆ ಅದು ಹೆಚ್ಚುವರಿ ಕಷ್ಟ. ಒಂದು ಮಗ್ಗುಲು ಚರ್ಮ, ಇನ್ನೊಂದು ಮಗ್ಗುಲು ಕ್ಯಾನ್ವಾಸ್ ಅಥವಾ ಲಿನನ್. ಮೊದಲ ಪಟ್ಟಿ ದುಬಾರಿ ಬೇಡ, ಕಲಿಯುವಾಗ ಅದಕ್ಕೆ ಗಾಯವಾಗಿಯೇ ಆಗುತ್ತದೆ.

ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಸಡಿಲವಾಗಿ ಜೋತುಬಿದ್ದರೆ ಚರ್ಮ ಬಾಯಿಯ ಸುತ್ತ ಬಾಗಿ ಅಂಚನ್ನು ದುಂಡಗೆ ಮಾಡುತ್ತದೆ. ನಿಮ್ಮದು ಈ ತಪ್ಪೇ ಇರಬಹುದು. ಅಲಗನ್ನು ಪೂರಾ ಚಪ್ಪಟೆ ಮಲಗಿಸಿ, ಬೆನ್ನು ಮುಂದೆ, ಬಾಯಿ ಹಿಂದೆ ಇರುವಂತೆ ಎಳೆಯಿರಿ. ತುದಿ ತಲುಪಿದ ಮೇಲೆ ಮೊದಲು ನಿಲ್ಲಿಸಿ, ಆಮೇಲೆ ಬೆನ್ನನ್ನು ಪಟ್ಟಿಯಿಂದ ಎತ್ತದೆ ಬೆನ್ನಿನ ಮೇಲೇ ಹೊರಳಿಸಿ, ಹಿಂದಕ್ಕೆ ಎಳೆಯಿರಿ. ನಿಲ್ಲಿಸುವ ಮುಂಚೆಯೇ ಹೊರಳಿಸಿದರೆ ಬಾಯಿ ಚರ್ಮಕ್ಕೆ ನಾಟುತ್ತದೆ. ಹೊರಳಿಸುವುದನ್ನು ಮಣಿಕಟ್ಟಿನಿಂದ ಮಾಡಬೇಡಿ. ಹೆಬ್ಬೆರಳು, ತೋರುಬೆರಳಿನ ನಡುವೆ ಬಾಲವನ್ನು ಉರುಳಿಸಿ. ಕತ್ತಿಯ ತೂಕಕ್ಕಿಂತ ಸ್ವಲ್ಪವೇ ಹೆಚ್ಚು ಒತ್ತಡ ಸಾಕು. ಶೇವ್‌ಗೆ ಮುಂಚೆ ಬಟ್ಟೆಯ ಮೇಲೆ ಹೋಗಿ ಬರುವ 20 ಎಳೆತ, ಚರ್ಮದ ಮೇಲೆ 50. ವೇಗ ತಾನಾಗಿ ಬರುತ್ತದೆ. ಮೊದಲ ವಾರ ಬೆಣ್ಣೆ ಸವರುವ ಮೊಂಡು ಚಾಕುವಿನಿಂದ ಅಭ್ಯಾಸ ಮಾಡಿದರೆ ಕತ್ತಿಯೂ ಪಟ್ಟಿಯೂ ಉಳಿಯುತ್ತವೆ.

ಈಗಾಗಲೇ ದುಂಡಗಾದ ಬಾಯಿಯನ್ನು ಮತ್ತಷ್ಟು ಎಳೆದು ಸರಿಮಾಡಲಾಗದು. ಕ್ರೋಮಿಯಂ ಆಕ್ಸೈಡ್ ಪೇಸ್ಟ್ ಹಚ್ಚಿದ ಬೇರೆಯೇ ಪಟ್ಟಿಯ ಮೇಲೆ 10-15 ಎಳೆತ ಎಳೆದು ನೋಡಿ. ಆಗದಿದ್ದರೆ ಕಲ್ಲಿಗೆ ಹೋಗಬೇಕು. ದಿನನಿತ್ಯದ ಚರ್ಮಕ್ಕೆ ಪೇಸ್ಟ್ ತಾಗಿಸಬೇಡಿ.

ಬೀದಿಯಲ್ಲಿ ಸಾಣೆ ಹಿಡಿಯುವವರು ಬರುತ್ತಾರೆ. ಅವರ ಕೈಗೆ ಕೊಡಬಹುದೇ? ಮನೆಯಲ್ಲಾದರೆ ಯಾವ ಕಲ್ಲು? — ಮೈಸೂರು

ಈಳಿಗೆಮಣೆ, ಕತ್ತರಿಗಳಿಗೆ ಅವರ ಚಕ್ರ ಸರಿ. ಕ್ಷೌರದ ಕತ್ತಿಯನ್ನು ಖಂಡಿತ ಕೊಡಬೇಡಿ. ಕಾರ್ಬನ್ ಉಕ್ಕಿನ ಅಲಗಿಗೆ ಕೊಟ್ಟಿರುವ ಹದ 150ರಿಂದ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನದು. ಒಣ ಚಕ್ರಕ್ಕೆ ತಾಗಿದ ತೆಳು ಬಾಯಿ ಅದನ್ನು ಕ್ಷಣದಲ್ಲಿ ದಾಟುತ್ತದೆ, ಉಕ್ಕು ಮೆತ್ತಗಾಗುತ್ತದೆ. ಬಾಯಿಯಲ್ಲಿ ನೀಲಿ ಛಾಯೆ ಕಂಡರೆ ಶಾಖ 290 ಡಿಗ್ರಿಯ ಹತ್ತಿರ ಹೋಗಿದೆ ಎಂದರ್ಥ. ಆ ಭಾಗವನ್ನು ಸವೆಸಿ ತೆಗೆಯುವುದೊಂದೇ ದಾರಿ. ಹಾರ್ಡ್‌ವೇರ್ ಅಂಗಡಿಯ ಕಾರ್ಬೋರಂಡಂ ಕಲ್ಲೂ ಬೇಡ, ಅದರ ಕಣ ತೀರಾ ಒರಟು.

ಮನೆಯಲ್ಲಿ ಮಸೆಯುವುದಾದರೆ 1000 ನಂಬರಿನ ಕಲ್ಲಿನಲ್ಲಿ (ನಂಬರ್ ಹೆಚ್ಚಿದಷ್ಟೂ ಕಲ್ಲಿನ ಕಣ ನಯ) ಬಾಯಿಯ ಎರಡೂ ಬದಿಯ ಇಳಿಜಾರು ಕೂರಿಸಿ, 4000, 8000ದಲ್ಲಿ ನಯ ಮಾಡಿ, 12000ದಲ್ಲಿ ಮುಗಿಸುತ್ತಾರೆ. 1000ದಲ್ಲೇ ಎರಡು ಇಳಿಜಾರುಗಳು ಬಾಯಿಯುದ್ದಕ್ಕೂ ಕೂಡಿಕೊಳ್ಳದಿದ್ದರೆ ಮುಂದಿನ ಕಲ್ಲುಗಳೆಲ್ಲ ವ್ಯರ್ಥ. ಶೇವ್ ಆಗದ ಕತ್ತಿಗಳಲ್ಲಿ ಬಹುಪಾಲು ಇಲ್ಲೇ ಸೋತಿರುತ್ತವೆ. ಕಲ್ಲು ಸಮತಟ್ಟಾಗಿರಬೇಕು, ಬಳಸಿದಂತೆ ಗುಂಡಿ ಬೀಳುವುದರಿಂದ ಆಗಾಗ ಸಮ ಮಾಡಿಕೊಳ್ಳಬೇಕು. ಆದರೆ ಮೊದಲ ಕತ್ತಿಯ ಜೊತೆಗೇ ಕಲ್ಲು ಕೊಳ್ಳಬೇಡಿ. ಒಳ್ಳೆಯ ಬಾಯಿ ಗಲ್ಲದ ಮೇಲೆ ಹೇಗಿರುತ್ತದೆ ಎಂದು ಗೊತ್ತಾಗದೆ ಮಸೆದರೆ ಯಾವಾಗ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ದಿನಾ ಶೇವ್ ಮಾಡುವವರಿಗೂ ಪಟ್ಟಿ ಸರಿಯಾಗಿ ಎಳೆದರೆ ಎರಡು-ಮೂರು ತಿಂಗಳು ಬಾಯಿ ನಿಲ್ಲುತ್ತದೆ. ಅಷ್ಟರಲ್ಲಿ ಗಡ್ಡವೇ ಹೇಳಿಕೊಡುತ್ತದೆ.

ಮೊದಲ ದಿನ ಎಲ್ಲಿಂದ ಶುರು ಮಾಡಲಿ? — ಹುಬ್ಬಳ್ಳಿ

ಎರಡೂ ಕೆನ್ನೆ, ಅಷ್ಟೆ. ಉಳಿದದ್ದು ನಿಮ್ಮ ಮಾಮೂಲಿ ರೇಜರ್‌ನಿಂದ. ಬಿಸಿನೀರಿನಲ್ಲಿ ಎರಡು ನಿಮಿಷ ಗಡ್ಡ ನೆನೆಸಿ, ದಟ್ಟ ಒದ್ದೆ ನೊರೆ ಹಚ್ಚಿ. ಇನ್ನೊಂದು ಕೈಯಿಂದ ಕಿವಿಯ ಮುಂದಿನ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಬೆನ್ನು ಮತ್ತು ಕೆನ್ನೆಯ ನಡುವೆ ಒಂದು ಬೆನ್ನಿನ ದಪ್ಪದಷ್ಟು ಸಂದು ಇರಲಿ. ಕೋನ 30 ಡಿಗ್ರಿ ಮೀರಿದರೆ ಕತ್ತಿ ಹೆರೆಯುತ್ತದೆ, ತೀರಾ ಮಲಗಿಸಿದರೆ ಕೂದಲನ್ನು ಜಗ್ಗುತ್ತದೆ. ಕೂದಲು ಬೆಳೆದ ದಿಕ್ಕಿನಲ್ಲೇ ಎರಡು-ಮೂರು ಸೆಂ.ಮೀ.ನ ಚಿಕ್ಕ ಎಳೆತ ಎಳೆಯಿರಿ. ಅಲಗನ್ನು ಬಾಯಿಯ ಉದ್ದಕ್ಕೆ, ಗರಗಸದಂತೆ ಪಕ್ಕಕ್ಕೆ ಎಂದೂ ಸರಿಸಬೇಡಿ. ಆಳವಾದ ಗಾಯಗಳು ಆಗುವುದೇ ಹಾಗೆ. ಸಣ್ಣ ಗೀರಿಗೆ ತಣ್ಣೀರು, ಪಟಿಕ ಸಾಕು. ಗಲ್ಲದ ತುದಿ, ಮೇಲ್ತುಟಿ, ಕೊರಳಿಗೆ ಎರಡು-ಮೂರು ವಾರದ ನಂತರ ಹೋಗಿ. ಮೊಡವೆ ಕೆಂಡವಾಗಿರುವಾಗ ಆ ಜಾಗ ಬಿಟ್ಟುಬಿಡಿ.

ವಿಮಾನದಲ್ಲಿ ಒಯ್ಯಬಹುದೇ? — ದುಬೈನಿಂದ

ಕ್ಯಾಬಿನ್ ಬ್ಯಾಗಿನಲ್ಲಿ ಇಲ್ಲ, ಭದ್ರತಾ ತಪಾಸಣೆಯಲ್ಲಿ ತೆಗೆದುಕೊಳ್ಳುತ್ತಾರೆ. ಚೆಕ್-ಇನ್ ಸಾಮಾನಿನಲ್ಲಿ ಇಡಿ. ಮಡಚಿದ ಕತ್ತಿ ಕುಲುಕಿ ತೆರೆದುಕೊಳ್ಳದಂತೆ ಹಿಡಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಗಟ್ಟಿ ಡಬ್ಬಿಯೊಳಗೆ ಹಾಕಿ. ಸಾಮಾನು ತಪಾಸಣೆ ಮಾಡುವವರ ಕೈಗೆ ಬಾಯಿ ತಾಗಬಾರದು.